ಹಣ ತೆತ್ತು ಕೊಂಡ ತಂತ್ರಾಂಶದ ಕೀಲಿಕೈ ಯಾರ ಬಳಿ?

ಮಾಘ ಫಾಲ್ಗುಣಗಳ ಲಗ್ನದ ದಿನಗಳಲ್ಲಿ ನಮ್ಮ ಯಾವುದೇ ತಾಲ್ಲೂಕು ಪಟ್ಟಣದ ಮುದ್ರಣಾಲಯವನ್ನು ಹೊಕ್ಕು ನೋಡಿದರೆ, ಮುಂಭಾಗದಲ್ಲಿ ಆಫ್‌ಸೆಟ್ ಯಂತ್ರದ ಎಡೆಬಿಡದ ಸದ್ದು, ಗೋಡೆಯುದ್ದಕ್ಕೂ ಪೇರಿಸಿಟ್ಟ ಕಾಗದದ ರೀಮುಗಳು, ಒಳಗಿನ ಚಿಕ್ಕ ಕೋಣೆಯಲ್ಲಿ ಡಿ.ಟಿ.ಪಿ. ಆಪರೇಟರನ ಬೆನ್ನ ಹಿಂದೆ ನಿಂತು, ಲಗ್ನಪತ್ರಿಕೆಯ ಕರಡಿನಲ್ಲಿ ಸೋದರಮಾವನ ಹೆಸರು ಬಿಟ್ಟುಹೋಗಿದೆಯೆಂದು ಬೆರಳಿಟ್ಟು ತೋರಿಸುತ್ತಿರುವ ವಧುವಿನ ತಂದೆ, ಇವೆಲ್ಲವೂ ಕಾಣಸಿಗುತ್ತವೆ. ಇಂತಹ ಒಂದು ಮಧ್ಯಾಹ್ನ ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟು ನಿಂತಿತೆನ್ನಿ. ಕಡತಗಳ ಪ್ರತಿ ಬೇರೆಡೆ ಭದ್ರವಾಗಿದೆ. ಹೊಸ ಡಿಸ್ಕ್ ಸಂಜೆಯೊಳಗೆ ಬರುತ್ತದೆ. ಬೀರುವಿನಿಂದ ತಂತ್ರಾಂಶದ ಮೂಲ ಸಿ.ಡಿ.ಯೂ ಹೊರಬರುತ್ತದೆ, ಅದರ ಪೆಟ್ಟಿಗೆಯ ಹಿಂಬದಿಗೆ ಅಂಟಿಸಿದ ಸೀರಿಯಲ್ ನಂಬರಿನ ಚೀಟಿಯೂ ಅಳಿಸದೆ ಉಳಿದಿದೆ.

ಆಪರೇಟರು ನಂಬರನ್ನು ತಪ್ಪಿಲ್ಲದೆ ಟೈಪು ಮಾಡುತ್ತಾನೆ. ಪರದೆಯ ಮೇಲೆ ಒಂದು ಕಿಟಕಿ ತೆರೆದು, ಈ ತಂತ್ರಾಂಶವನ್ನು ಇಂಟರ್ನೆಟ್ ಮೂಲಕ ಸಕ್ರಿಯಗೊಳಿಸಬೇಕೆಂದು ಹೇಳುತ್ತದೆ. ಒಪ್ಪಿಗೆಯ ಗುಂಡಿಯನ್ನೊತ್ತಿ ಕಾಯುತ್ತಾನೆ. ಸರ್ವರ್ ಸಿಕ್ಕುತ್ತಿಲ್ಲವೆಂಬ ಉತ್ತರ ಬರುತ್ತದೆ. ಮತ್ತೊಮ್ಮೆ ಒತ್ತಿದರೂ ಅದೇ ಉತ್ತರ. ತಂತ್ರಾಂಶ ಅವರದೇ, ಬಿಲ್ಲು ಫೈಲಿನಲ್ಲಿದೆ, ಸಿ.ಡಿ.ಗೆ ಗೀರೂ ಬಿದ್ದಿಲ್ಲ. ಆದರೆ ಅದನ್ನು ಮತ್ತೆ ಬಳಸಲು ಅನುಮತಿ ಕೊಡಬೇಕಾಗಿದ್ದ ಆ ದೂರದ ಯಂತ್ರವನ್ನು ಎಂದೋ ನಿಲ್ಲಿಸಿಬಿಟ್ಟಿದ್ದಾರೆ.

ಹಣ ಕೊಟ್ಟು ಕೊಂಡ ವಸ್ತು ಕೊಂಡವನ ಕೈಯಲ್ಲೇ ಇದ್ದೂ ನಿರುಪಯುಕ್ತವಾಗುವ ಈ ವಿಚಿತ್ರ ಸ್ಥಿತಿ ಹೇಗೆ ಉಂಟಾಯಿತು, ಇದರಲ್ಲಿ ಯಾರ ಹಕ್ಕು ಎಷ್ಟು, ಇದಕ್ಕೆ ಪರಿಹಾರವೇನಾದರೂ ಉಂಟೇ ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಬೀಗ ಏಕೆ ಬೇಕಾಯಿತು

ಕಂಪ್ಯೂಟರುಗಳು ಕೋಣೆಯಷ್ಟು ದೊಡ್ಡದಾಗಿದ್ದ ಕಾಲದಲ್ಲಿ ತಂತ್ರಾಂಶಕ್ಕೆ ಪ್ರತ್ಯೇಕವಾದ ಬೆಲೆಯೇ ಇರಲಿಲ್ಲವೆನ್ನಬಹುದು. ಯಂತ್ರವನ್ನು ಕೊಂಡವನಿಗೆ ಅದನ್ನು ನಡೆಸುವ ಕ್ರಮವಿಧಿಗಳೂ ಜೊತೆಯಲ್ಲಿಯೇ ಬರುತ್ತಿದ್ದವು. 1969ರಲ್ಲಿ ಐ.ಬಿ.ಎಂ. ಸಂಸ್ಥೆಯು ಇವೆರಡನ್ನೂ ಬೇರ್ಪಡಿಸಿ, ತಂತ್ರಾಂಶವನ್ನು ಪ್ರತ್ಯೇಕವಾಗಿ ಮಾರುವುದಾಗಿ ಪ್ರಕಟಿಸಿದ ಮೇಲೆ, ಬರೆದ ಕ್ರಮವಿಧಿಯೂ ಒಂದು ಸರಕು ಎಂಬ ಭಾವನೆ ಬೇರೂರಿತು.

ಆದರೆ ಈ ಸರಕಿಗೆ ಬೇರೆ ಯಾವ ಸರಕಿಗೂ ಇಲ್ಲದ ಒಂದು ಸ್ವಭಾವವಿತ್ತು: ಇದರ ಪ್ರತಿಯನ್ನು ಕ್ಷಣಮಾತ್ರದಲ್ಲಿ, ವೆಚ್ಚವಿಲ್ಲದೆ, ಮೂಲಕ್ಕೂ ಪ್ರತಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ತೆಗೆಯಬಹುದಾಗಿತ್ತು. 1976ರ ಫೆಬ್ರವರಿಯಲ್ಲಿ, ಆಗಿನ್ನೂ ಇಪ್ಪತ್ತರ ಪ್ರಾಯದ ಬಿಲ್ ಗೇಟ್ಸ್, ಹವ್ಯಾಸಿ ಕಂಪ್ಯೂಟರ್ ಬಳಕೆದಾರರನ್ನು ಸಂಬೋಧಿಸಿ ಒಂದು ಬಹಿರಂಗ ಪತ್ರವನ್ನು ಬರೆದು, ತಾವು ಆಲ್ಟೇರ್ ಯಂತ್ರಕ್ಕಾಗಿ ರಚಿಸಿದ ಬೇಸಿಕ್ ಭಾಷೆಯ ತಂತ್ರಾಂಶವನ್ನು ಬಹುಪಾಲು ಜನರು ಬೆಲೆ ಕೊಡದೆಯೇ ಬಳಸುತ್ತಿದ್ದಾರೆಂದೂ, ಹೀಗಾದರೆ ಒಳ್ಳೆಯ ತಂತ್ರಾಂಶ ಬರೆಯಲು ಯಾರು ಮುಂದೆ ಬಂದಾರೆಂದೂ ಆಕ್ಷೇಪಿಸಿದ್ದರು. ಆ ಪತ್ರದ ಕಟುಧ್ವನಿಯನ್ನು ಮೆಚ್ಚದವರುಂಟು. ಆದರೆ ತಿಂಗಳುಗಟ್ಟಲೆ ಶ್ರಮಿಸಿ ಕೃತಿಯನ್ನು ನಿರ್ಮಿಸಿದವನು ತನ್ನ ಶ್ರಮಕ್ಕೆ ತಕ್ಕ ಪ್ರತಿಫಲವನ್ನು ಅಪೇಕ್ಷಿಸುವುದು ಅನ್ಯಾಯವೆಂದು ಯಾರೂ ಹೇಳಲಾರರು. ಆದುದರಿಂದ ಬೀಗ ಹಾಕಿದ್ದು ತಪ್ಪಲ್ಲ. ಎಂತಹ ಬೀಗ ಹಾಕಿದರು, ಅದರ ಕೀಲಿಯನ್ನು ಎಲ್ಲಿ ಇಟ್ಟುಕೊಂಡರು ಎಂಬುದರಲ್ಲಿದೆ ಮುಂದಿನ ಕಥೆಯೆಲ್ಲ.

ಫ್ಲಾಪಿಯ ಗಾಯ, ಡಾಂಗಲ್‌ನ ಗುಟ್ಟು

ಮೊದಲಿನ ಬೀಗಗಳು ಫ್ಲಾಪಿ ಡಿಸ್ಕಿನ ಮೈಮೇಲೆಯೇ ಇದ್ದವು. 1983ರಲ್ಲಿ ಮಾರುಕಟ್ಟೆಗೆ ಬಂದು ಕಚೇರಿ ಕಚೇರಿಗಳನ್ನೂ ಗೆದ್ದುಕೊಂಡ ಲೋಟಸ್ 1-2-3 ಎಂಬ ಲೆಕ್ಕಪತ್ರದ ತಂತ್ರಾಂಶವು, ಅದರ ಮೂಲ ಫ್ಲಾಪಿ ಡ್ರೈವಿನಲ್ಲಿ ಇದ್ದ ಹೊರತು ನಡೆಯುತ್ತಿರಲಿಲ್ಲ. ಪ್ರೋಲಾಕ್ ಎಂಬ ಇನ್ನೊಂದು ವಿಧಾನದಲ್ಲಿ ಡಿಸ್ಕಿನ ಮೇಲ್ಮೈಯಲ್ಲಿ ಉದ್ದೇಶಪೂರ್ವಕವಾಗಿ ಒಂದು ಸೂಕ್ಷ್ಮವಾದ ಗಾಯವನ್ನು ಮಾಡಿರುತ್ತಿದ್ದರು. ಪ್ರತಿ ತೆಗೆಯುವ ಯಂತ್ರವು ಅಕ್ಷರಗಳನ್ನು ನಕಲು ಮಾಡಬಲ್ಲುದೇ ಹೊರತು ಗಾಯವನ್ನು ನಕಲು ಮಾಡಲಾರದಷ್ಟೆ. ತಂತ್ರಾಂಶವು ಆರಂಭವಾಗುವಾಗ ಆ ಗಾಯವನ್ನು ಹುಡುಕಿ, ಅದು ಕಾಣದಿದ್ದರೆ ಅಲ್ಲಿಗೇ ನಿಂತುಬಿಡುತ್ತಿತ್ತು.

ಆಟದ ತಂತ್ರಾಂಶಗಳವರು ಇನ್ನೂ ಸ್ವಾರಸ್ಯವಾದ ಉಪಾಯವನ್ನು ಹೂಡಿದರು. 1990ರ ‘ದ ಸೀಕ್ರೆಟ್ ಆಫ್ ಮಂಕಿ ಐಲೆಂಡ್’ ಎಂಬ ಆಟದ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ತಿರುಗುವ ಎರಡು ರಟ್ಟಿನ ಚಕ್ರಗಳಿದ್ದವು. ಪರದೆಯ ಮೇಲೆ ಒಬ್ಬ ಕಡಲ್ಗಳ್ಳನ ಮುಖ ಮೂಡುತ್ತಿತ್ತು. ಆಟಗಾರನು ಚಕ್ರವನ್ನು ತಿರುಗಿಸಿ ಒಂದು ಮುಖದ ಮೇಲರ್ಧವನ್ನೂ ಇನ್ನೊಂದರ ಕೆಳಗರ್ಧವನ್ನೂ ಕೂಡಿಸಿ ಅದೇ ಮುಖವನ್ನು ರಚಿಸಿ, ಕಿಂಡಿಯಲ್ಲಿ ಕಾಣುವ ಇಸವಿಯನ್ನು ಟೈಪು ಮಾಡಬೇಕಾಗಿತ್ತು. ರಟ್ಟಿನ ಚಕ್ರ ಕಳೆದುಹೋದರೆ ಆಟವೂ ಮುಗಿಯಿತು.

ಬೆಲೆಬಾಳುವ ತಂತ್ರಾಂಶಗಳಿಗೆ ಬಂದದ್ದು ಹಾರ್ಡ್‌ವೇರ್ ಲಾಕ್, ಅಥವಾ ಡಾಂಗಲ್. ಹೆಬ್ಬೆರಳಿನಷ್ಟು ಗಾತ್ರದ ಈ ಸಾಧನವನ್ನು ಮೊದಮೊದಲು ಪ್ರಿಂಟರಿನ ಪೋರ್ಟಿಗೆ ಸಿಕ್ಕಿಸಬೇಕಾಗಿತ್ತು, ಅನಂತರ ಯು.ಎಸ್.ಬಿ. ಬಂದಿತು. ತಂತ್ರಾಂಶವು ಆಗಾಗ ಡಾಂಗಲ್‌ಗೆ ಒಂದು ಸಂಖ್ಯೆಯನ್ನು ಕಳುಹಿಸುತ್ತದೆ. ಡಾಂಗಲ್ ತನ್ನೊಳಗಿನ ಗುಪ್ತ ಸೂತ್ರದ ಪ್ರಕಾರ ಅದನ್ನು ಮಾರ್ಪಡಿಸಿ ಹಿಂದಿರುಗಿಸುತ್ತದೆ. ಉತ್ತರ ಸರಿಯಿದ್ದರೆ ಕೆಲಸ ಮುಂದುವರಿಯುತ್ತದೆ. ಕನ್ನಡದ ಡಿ.ಟಿ.ಪಿ. ಬಲ್ಲವರಿಗೆ ಇದನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ. ಭಾರತೀಯ ಲಿಪಿಗಳ ತಂತ್ರಾಂಶಗಳಲ್ಲಿ ಅನೇಕವು ಇಂತಹ ಲಾಕಿನೊಡನೆಯೇ ಮಾರಾಟವಾದವು. ರಾತ್ರಿ ಅಂಗಡಿ ಮುಚ್ಚುವಾಗ ಕಂಪ್ಯೂಟರನ್ನು ಹಾಗೆಯೇ ಬಿಟ್ಟು, ಲಾಕನ್ನು ಮಾತ್ರ ಕಿತ್ತು ಗಲ್ಲಾಪೆಟ್ಟಿಗೆಯಲ್ಲಿಡುವ ಮಾಲೀಕರನ್ನು ಕಂಡವರು ಹಲವರಿದ್ದಾರೆ.

ಫ್ಲಾಪಿಯಾಗಲಿ, ಡಾಂಗಲ್ ಆಗಲಿ, ಒಂದು ಗುಣವನ್ನಂತೂ ಹೊಂದಿದ್ದವೆಂಬುದನ್ನು ಮರೆಯಬಾರದು. ಕೀಲಿ ಕೊಂಡವನ ಕೈಯಲ್ಲಿತ್ತು. ಮಾರಿದ ಸಂಸ್ಥೆ ನಾಳೆ ಮುಚ್ಚಿಹೋದರೂ, ಲಾಕು ಕೆಡದಿರುವ ತನಕ, ಅದನ್ನು ಸಿಕ್ಕಿಸಲು ಪೋರ್ಟು ಇರುವ ತನಕ, ತಂತ್ರಾಂಶ ನಡೆಯುತ್ತಿತ್ತು. ಆ ‘ತನಕ’ಗಳೂ ಶಾಶ್ವತವಲ್ಲವೆಂಬುದು ಬೇರೆ ಮಾತು: ಹೊಸ ಕಂಪ್ಯೂಟರುಗಳಲ್ಲಿ ಹಳೆಯ ಪ್ರಿಂಟರ್ ಪೋರ್ಟು ಕಾಣೆಯಾಯಿತು, ಡಾಂಗಲ್ಲಿನ ಡ್ರೈವರುಗಳು ಹೊಸ ವಿಂಡೋಸ್‌ಗೆ ಒಗ್ಗದಾದವು.

ದೂರದ ಸರ್ವರಿನ ಅನುಮತಿ

ಇಂಟರ್ನೆಟ್ ಮನೆಮನೆಗೂ ಬಂದ ಮೇಲೆ ಕೀಲಿಯು ಮಾರುವವನ ಮನೆಗೆ ಹೊರಟುಹೋಯಿತು. 2001ರಲ್ಲಿ ಆಫೀಸ್ ಎಕ್ಸ್‌ಪಿ ಮತ್ತು ವಿಂಡೋಸ್ ಎಕ್ಸ್‌ಪಿಗಳೊಡನೆ ಮೈಕ್ರೋಸಾಫ್ಟ್ ಸಂಸ್ಥೆಯು ‘ಆ್ಯಕ್ಟಿವೇಶನ್’ ಎಂಬ ಪದ್ಧತಿಯನ್ನು ಸಾರ್ವತ್ರಿಕಗೊಳಿಸಿತು. ಇದರ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ, ಏಕೆಂದರೆ ಇಂದಿನ ಬಹುಪಾಲು ಬೀಗಗಳು ಇದೇ ಮಾದರಿಯವು.

ಕೊಂಡವನಿಗೆ 25 ಅಕ್ಷರಗಳ ಒಂದು ಸಂಕೇತ ಸಿಕ್ಕುತ್ತದೆ. ಅದನ್ನು ಟೈಪು ಮಾಡಿದಾಗ, ತಂತ್ರಾಂಶವು ಅಕ್ಷರಗಳ ಜೋಡಣೆ ಗಣಿತದ ನಿಯಮಕ್ಕೆ ಸರಿಹೊಂದುವುದೇ ಎಂದು ಮೊದಲು ತಾನೇ ಪರೀಕ್ಷಿಸುತ್ತದೆ. ಇಷ್ಟೇ ಆಗಿದ್ದರೆ ಒಂದೇ ಸಂಕೇತವನ್ನು ನೂರು ಜನ ಬಳಸಬಹುದಾಗಿತ್ತು. ಆದಕಾರಣ ಎರಡನೆಯ ಹೆಜ್ಜೆಯಲ್ಲಿ ಆ ಕಂಪ್ಯೂಟರಿನ ಪ್ರೊಸೆಸರ್, ಹಾರ್ಡ್ ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಮೊದಲಾದ ಭಾಗಗಳ ಗುರುತುಗಳನ್ನು ಕಲೆಹಾಕಿ, ಅವುಗಳಿಂದ ಒಂದು ಸಂಖ್ಯೆಯನ್ನು ಕಟ್ಟಿ, ಸಂಕೇತದೊಡನೆ ಸಂಸ್ಥೆಯ ಸರ್ವರಿಗೆ ಕಳುಹಿಸುತ್ತದೆ. ಸರ್ವರು ತನ್ನ ದಾಖಲೆಯನ್ನು ನೋಡಿ, ಈ ಸಂಕೇತ ಬೇರೆ ಯಂತ್ರದಲ್ಲಿ ಬಳಕೆಯಲ್ಲಿಲ್ಲವೆಂದು ಕಂಡರೆ, ತಾನು ಮಾತ್ರ ಹಾಕಬಲ್ಲ ಒಂದು ಗೂಢಮುದ್ರೆಯೊತ್ತಿದ ಉತ್ತರವನ್ನು ಹಿಂದಿರುಗಿಸುತ್ತದೆ. ಇಂಟರ್ನೆಟ್ ಇಲ್ಲದವರು ಫೋನ್ ಮಾಡಿ, ಪರದೆಯ ಮೇಲಿನ ಐವತ್ತರಷ್ಟು ಅಂಕಿಗಳನ್ನು ಒಂದೊಂದಾಗಿ ಒಪ್ಪಿಸಿ, ಅತ್ತಲಿಂದ ಓದಿಹೇಳುವ ಹೆಚ್ಚುಕಡಿಮೆ ಅಷ್ಟೇ ಉದ್ದದ ಇನ್ನೊಂದು ಸಾಲನ್ನು ಟೈಪು ಮಾಡಿಕೊಳ್ಳಬೇಕಾಗಿತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ ಇದಕ್ಕೆ 30 ದಿನಗಳ ಗಡುವಿತ್ತು.

ಇಲ್ಲಿಂದಲೇ ಹಳೆಯ ತಂತ್ರಾಂಶವನ್ನು ಮರುಸ್ಥಾಪಿಸುವವನ ಕಷ್ಟ ಮೊದಲಾಯಿತು. ಡಿಸ್ಕ್ ಬದಲಾದರೆ, ಮದರ್‌ಬೋರ್ಡ್ ಬದಲಾದರೆ, ಸರ್ವರಿನ ದೃಷ್ಟಿಗೆ ಅದು ಬೇರೆಯೇ ಕಂಪ್ಯೂಟರೆಂದು ತೋರಬಹುದು. ನಮ್ಮ ಬೆಂಗಳೂರಿನದೇ ಆದ ಟ್ಯಾಲಿ ತಂತ್ರಾಂಶದಲ್ಲಿ ಲೈಸೆನ್ಸನ್ನು ‘ಸರೆಂಡರ್’ ಮಾಡುವ, ಎಂದರೆ ಹಳೆಯ ಯಂತ್ರದಿಂದ ಬಿಡಿಸಿ ಹೊಸ ಯಂತ್ರಕ್ಕೆ ಕೊಂಡೊಯ್ಯುವ ವ್ಯವಸ್ಥೆಯುಂಟು. ಲೆಕ್ಕ ಬರೆಯುವವರಿಗೆಲ್ಲ ಅದು ಪರಿಚಿತ. ಇದು ಸಂಭಾವಿತವಾದ ಏರ್ಪಾಡು. ಆದರೆ ಇದಕ್ಕೂ ಅತ್ತಣ ತುದಿಯಲ್ಲಿ ಒಂದು ಸರ್ವರು ಎಚ್ಚರವಾಗಿರಬೇಕು. ಮನೆಯನ್ನು ಪೂರ್ತಿ ಕ್ರಯ ಕೊಟ್ಟು ಕೊಂಡವನು, ಮನೆ ದುರಸ್ತಿಯಾದಾಗಲೆಲ್ಲ ಮಾರಿದವನನ್ನು ಹುಡುಕಿಕೊಂಡು ಹೋಗಿ ಬಾಗಿಲು ತೆಗೆಸಿಕೊಳ್ಳಬೇಕೆಂದರೆ ಹೇಗಿರುತ್ತದೋ ಹಾಗೆ ಇದು.

ಸರ್ವರು ನಿಂತ ಮೇಲೆ

ಈ ಭಯವು ಕೇವಲ ಕಲ್ಪನೆಯಲ್ಲವೆಂಬುದಕ್ಕೆ ಅಡೋಬಿ ಸಂಸ್ಥೆಯ ಕ್ರಿಯೇಟಿವ್ ಸ್ವೀಟ್ ತಂತ್ರಾಂಶಗಳ ಇತಿಹಾಸವೇ ಸಾಕ್ಷಿ. ಫೋಟೋಶಾಪ್, ಇಲ್ಲಸ್ಟ್ರೇಟರ್, ಇನ್‌ಡಿಸೈನ್‌ಗಳನ್ನು ಒಳಗೊಂಡು 2005ರಲ್ಲಿ ಬಂದ ಸಿ.ಎಸ್.2 ಆವೃತ್ತಿಗೆ ಆ್ಯಕ್ಟಿವೇಶನ್ ಅವಶ್ಯವಾಗಿತ್ತು. 2012ರ ಡಿಸೆಂಬರಿನಲ್ಲಿ ಸಂಸ್ಥೆಯು ಅದರ ಸರ್ವರುಗಳನ್ನು ನಿಲ್ಲಿಸಿತು. ಅಲ್ಲಿಗೆ ಮೂಲ ಸಿ.ಡಿ.ಯೂ ಮೂಲ ನಂಬರೂ ಏನಕ್ಕೂ ಬಾರದಂತಾದುವು.

ಸಂಸ್ಥೆಯು ಆಗ ಮಾಡಿದ ಕೆಲಸವನ್ನು ಮೆಚ್ಚಿಕೊಳ್ಳಲೇಬೇಕು. ಆ್ಯಕ್ಟಿವೇಶನ್ ಬೇಡದ ಪರಿಷ್ಕೃತ ಪ್ರತಿಯನ್ನೂ ಅದಕ್ಕೆ ಬೇಕಾದ ನಂಬರುಗಳನ್ನೂ ತನ್ನ ಜಾಲತಾಣದಲ್ಲಿಯೇ ಇಟ್ಟಿತು. 2013ರ ಜನವರಿಯಲ್ಲಿ ಇದು ಬಯಲಾಗಿ, ಫೋಟೋಶಾಪ್ ಉಚಿತವಾಗಿ ಸಿಕ್ಕುತ್ತಿದೆಯೆಂಬ ಸುದ್ದಿ ಹಬ್ಬಿ, ಜನ ಮುಗಿಬಿದ್ದಾಗ, ಇದು ಹಿಂದೆ ಹಣಕೊಟ್ಟು ಕೊಂಡವರಿಗಾಗಿ ಮಾತ್ರವೆಂದು ಸಂಸ್ಥೆ ಸ್ಪಷ್ಟಪಡಿಸಬೇಕಾಯಿತು. ಆದರೆ ಆ ಔದಾರ್ಯ ಉಳಿಯಲಿಲ್ಲ. ಸಿ.ಎಸ್.2 ಮತ್ತು ಅದರ ಮುಂದಿನ ಸಿ.ಎಸ್.3 ಆವೃತ್ತಿಗಳನ್ನು, ಮೂಲ ಡಿಸ್ಕುಗಳು ಕೈಯಲ್ಲಿದ್ದರೂ, ಇನ್ನು ಮರುಸ್ಥಾಪಿಸಲಾಗದು ಎಂಬುದೇ ಸಂಸ್ಥೆಯ ಅಧಿಕೃತ ನಿಲುವಾಯಿತು.

ಅಷ್ಟರಲ್ಲಿ, 2013ರ ಮೇ ತಿಂಗಳಲ್ಲಿ, ಇನ್ನು ಮುಂದಿನ ಆವೃತ್ತಿಗಳನ್ನು ಒಮ್ಮೆ ಹಣ ಪಡೆದು ಮಾರುವುದಿಲ್ಲ, ಚಂದಾ ಕೊಟ್ಟವರಿಗೆ ಮಾತ್ರ ಒದಗಿಸುತ್ತೇವೆ ಎಂದು ಅಡೋಬಿ ಸಾರಿತ್ತು. ಚಂದಾದಾರನಿಗಾದರೂ ಹಳೆಯ ಆವೃತ್ತಿ ಬೇಕೆಂದಾಗ ದೊರೆಯುವುದೇ? 2019ರ ಮೇ ತಿಂಗಳಲ್ಲಿ, ಇತ್ತೀಚಿನ ಎರಡು ಪ್ರಮುಖ ಆವೃತ್ತಿಗಳನ್ನು ಬಿಟ್ಟು ಹಿಂದಿನವು ಲಭ್ಯವಿಲ್ಲವೆಂದು ತೀರ್ಮಾನವಾಯಿತು. ಅಷ್ಟೇ ಅಲ್ಲ, ಕೆಲವು ಹಳೆಯ ಆವೃತ್ತಿಗಳನ್ನು ಬಳಸುತ್ತಲೇ ಇದ್ದರೆ ಮೂರನೆಯವರಿಂದ ಹಕ್ಕುಚ್ಯುತಿಯ ಆಪಾದನೆಗೆ ಗುರಿಯಾದೀರಿ ಎಂಬ ಪತ್ರಗಳೂ ಚಂದಾದಾರರಿಗೆ ಬಂದವು.

ಆಟಗಳ ಲೋಕದಲ್ಲಿ ಇನ್ನೊಂದು ತರಹದ ಹಾನಿ. ಸಿ.ಡಿ.ಗಳ ರಕ್ಷಣೆಗೆಂದು ಬಳಸುತ್ತಿದ್ದ ಸೇಫ್‌ಡಿಸ್ಕ್ ಎಂಬ ಬೀಗವು ಕಂಪ್ಯೂಟರಿನ ಅತ್ಯಂತ ಒಳಪದರದಲ್ಲಿ ಒಂದು ಡ್ರೈವರನ್ನು ನೆಲೆಗೊಳಿಸುತ್ತಿತ್ತು. ಅದು ಭದ್ರತೆಗೆ ಅಪಾಯಕಾರಿಯೆಂದು 2015ರ ವಿಂಡೋಸ್ 10ರಲ್ಲಿ ಮೈಕ್ರೋಸಾಫ್ಟ್ ಅದಕ್ಕೆ ಎಡೆಗೊಡಲಿಲ್ಲ. ತತ್ಪರಿಣಾಮವಾಗಿ ಅಂಗಡಿಯಲ್ಲಿ ಕೊಂಡ ಮೂಲ ಡಿಸ್ಕುಗಳ ಆಟಗಳು ನಿಂತವು; ಬೀಗ ಮುರಿದು ಹಂಚಿದ ಕಳ್ಳಪ್ರತಿಗಳು ಅಡ್ಡಿಯಿಲ್ಲದೆ ನಡೆದವು. ಪ್ರಾಮಾಣಿಕನೇ ದಂಡ ತೆರುವಂತಹ ವ್ಯವಸ್ಥೆಯನ್ನು ಸಮರ್ಥಿಸುವ ವಾದ ಯಾವುದೂ ನನಗೆ ಕಾಣದು.

ಹೊಸತಿರಲು ಹಳೆಯದೇಕೆ?

ಹೊಸ ಆವೃತ್ತಿ ಇರುವಾಗ ಹಳೆಯದಕ್ಕೆ ಏಕೆ ಜೋತುಬೀಳಬೇಕೆಂದು ಕೇಳುವವರುಂಟು. ಹೊಸತಕ್ಕೆ ಹೊಸ ಖರ್ಚು ಎಂಬುದು ಒಂದು ಉತ್ತರ. ಆದರೆ ಅದಕ್ಕಿಂತ ಗಂಭೀರವಾದ ಕಾರಣ ನಮ್ಮ ಕನ್ನಡದ ಮುದ್ರಣದಲ್ಲಿಯೇ ಇದೆ.

ಪೇಜ್‌ಮೇಕರ್ 1985ರಲ್ಲಿ ಹುಟ್ಟಿ, 2001ರ ಏಳನೆಯ ಆವೃತ್ತಿಯೊಡನೆ ತನ್ನ ಬೆಳವಣಿಗೆಯನ್ನು ಮುಗಿಸಿದ ತಂತ್ರಾಂಶ. ತೊಂಬತ್ತರ ದಶಕದಿಂದ ಮುಂದಕ್ಕೆ ಕನ್ನಡದ ಅಸಂಖ್ಯ ಕಾದಂಬರಿಗಳೂ, ಸ್ಮರಣ ಸಂಚಿಕೆಗಳೂ, ಪಠ್ಯಗಳೂ ಅದರಲ್ಲಿಯೇ ಪುಟ ಕಟ್ಟಿಕೊಂಡವು. ಯೂನಿಕೋಡ್ ಬಳಕೆಗೆ ಬರುವ ಮುನ್ನಿನ ಆ ಪುಟಗಳಲ್ಲಿ ಕನ್ನಡದ ಅಕ್ಷರಗಳು ಕನ್ನಡವೆಂದು ದಾಖಲಾಗಿಯೇ ಇಲ್ಲ; ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಒತ್ತು, ದೀರ್ಘ, ಕೊಂಬುಗಳ ಚಿತ್ರಗಳನ್ನಿಟ್ಟ ಫಾಂಟುಗಳ ಬಲದಿಂದ ಅವು ಕನ್ನಡವಾಗಿ ಕಾಣುತ್ತವೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕಡತವನ್ನು ತೆರೆದರೆ, ಗದ್ಯಪದ್ಯಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ನಿಲ್ಲುತ್ತವೆ. ಹೀಗಿರಲಾಗಿ ಒಂದು ಪುಸ್ತಕದ ಮರುಮುದ್ರಣಕ್ಕೆ ಹಳೆಯ ಪೇಜ್‌ಮೇಕರ್ ಬೇಕು, ಜೊತೆಗೆ ಅದೇ ಲಿಪಿ ತಂತ್ರಾಂಶ ಬೇಕು, ಅದಕ್ಕೆ ಲಾಕು ಇದ್ದರೆ ಆ ಲಾಕೂ ಬದುಕಿರಬೇಕು.

ಪೇಜ್‌ಮೇಕರಿಗೆ ಸೀರಿಯಲ್ ನಂಬರೊಂದೇ ಸಾಕು. ದೂರದ ಸರ್ವರಿನ ಅಪ್ಪಣೆ ಬೇಡ. ಇಂದಿಗೂ ನಮ್ಮ ಅನೇಕ ಮುದ್ರಣಾಲಯಗಳಲ್ಲಿ ಅದು ಉಸಿರಾಡುತ್ತಿರುವುದಕ್ಕೆ ಇದೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ. ಆದರೆ ಆ ಕಡತಗಳನ್ನು ಇಂದಿನ ಇನ್‌ಡಿಸೈನ್‌ಗೆ ತರಬೇಕೆಂದರೆ? ಸಿ.ಎಸ್.6ರವರೆಗಿನ ಇನ್‌ಡಿಸೈನ್ ಪೇಜ್‌ಮೇಕರ್ ಕಡತಗಳನ್ನು ತೆರೆಯಬಲ್ಲುದು. ಚಂದಾ ಪದ್ಧತಿಯ ಅನಂತರದ ಆವೃತ್ತಿಗಳು ತೆರೆಯಲಾರವು. ಭಾರತೀಯ ಭಾಷೆಗಳ ಅಕ್ಷರಜೋಡಣೆಗೆ ಇನ್‌ಡಿಸೈನ್‌ನಲ್ಲಿ ಸರಿಯಾದ ಅನುಕೂಲ ಒದಗಿದ್ದೂ 2012ರ ಆ ಸಿ.ಎಸ್.6ರಲ್ಲಿಯೇ. ಅಂದಮೇಲೆ ಹಳೆಯ ಕನ್ನಡ ಪುಸ್ತಕಗಳಿಂದ ಇಂದಿನ ವ್ಯವಸ್ಥೆಗೆ ದಾಟುವ ಸೇತುವೆ ಆ ಒಂದು ಆವೃತ್ತಿ; ಅದು ಈಗ ಮಾರಾಟದಲ್ಲಿಲ್ಲ, ಅದನ್ನು ಸ್ಥಾಪಿಸಲು ಆ್ಯಕ್ಟಿವೇಶನ್ ಬೇಕು. ಅದನ್ನು ಕೊಂಡಿಟ್ಟುಕೊಂಡ ಪ್ರಕಾಶಕನ ಕಂಪ್ಯೂಟರು ಕೆಟ್ಟರೆ, ಅವನ ಅರ್ಧಜೀವಮಾನದ ಪ್ರಕಟಣೆಗಳ ಭವಿಷ್ಯವು ದೂರದ ಒಂದು ಸಂಸ್ಥೆಯ ಮರ್ಜಿಯನ್ನು ಅವಲಂಬಿಸಿರುತ್ತದೆ.

ಬೀಗದ ಸಂಬಂಧವಿಲ್ಲದ ತೊಡಕೊಂದನ್ನೂ ಇಲ್ಲಿ ಹೇಳಬೇಕು. ತೊಂಬತ್ತರ ದಶಕದ ಕೆಲವು ತಂತ್ರಾಂಶಗಳು ತಾವೇನೋ ಇಂದಿನ ವಿಂಡೋಸಿನಲ್ಲಿ ನಡೆಯಬಲ್ಲವು, ಆದರೆ ಅವುಗಳನ್ನು ಸ್ಥಾಪಿಸುವ ‘ಸೆಟಪ್’ ಮಾತ್ರ 16 ಬಿಟ್ ಕಾಲದ್ದಾಗಿರುತ್ತದೆ. 64 ಬಿಟ್ ವಿಂಡೋಸ್ ಅದನ್ನು ಮುಟ್ಟುವುದೇ ಇಲ್ಲ. ಇದಕ್ಕೆ ವರ್ಚುಯಲ್ ಮಶೀನ್ ಎಂಬ ಉಪಾಯವುಂಟು: ಹೊಸ ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ಒಂದು ಹಳೆಯ ಕಂಪ್ಯೂಟರನ್ನು ಸೃಷ್ಟಿಸಿ, ಅದರಲ್ಲಿ ಹಳೆಯ ವಿಂಡೋಸನ್ನೂ ಹಳೆಯ ತಂತ್ರಾಂಶವನ್ನೂ ಇಡುವುದು.

ಕಾನೂನಿನ ಮಾತು

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು, ತಂತ್ರಾಂಶದ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವನು ಅದನ್ನು ಒದಗಿಸಿದ ಉದ್ದೇಶಕ್ಕಾಗಿ ಬಳಸುವ ಸಲುವಾಗಿಯೂ, ನಾಶ ನಷ್ಟಗಳಿಂದ ರಕ್ಷಿಸಿಕೊಳ್ಳುವ ಸಲುವಾಗಿಯೂ ಪ್ರತಿ ಮಾಡಿಕೊಳ್ಳಬಹುದೆಂದು ಹೇಳುತ್ತದೆ. 2012ರ ತಿದ್ದುಪಡಿಯಿಂದ ಸೇರಿದ 65ಎ ಕಲಮು ತಾಂತ್ರಿಕ ಬೀಗಗಳನ್ನು ಮುರಿಯುವುದನ್ನು ಎರಡು ವರ್ಷಗಳವರೆಗಿನ ಸೆರೆವಾಸಕ್ಕೆ ಅರ್ಹವಾದ ಅಪರಾಧವೆನ್ನುತ್ತದೆ. ಆದರೆ ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶವಿದ್ದಾಗ ಮಾತ್ರ. ಕಾಯಿದೆಯು ನಿಷೇಧಿಸದ ಕಾರ್ಯಕ್ಕಾಗಿ ಮುರಿಯುವುದಕ್ಕೆ ಅದು ಅಡ್ಡಬರುವುದಿಲ್ಲ. ಈ ವಿವೇಕಕ್ಕಾಗಿ ನಮ್ಮ ಶಾಸನಕರ್ತರನ್ನು ಅಭಿನಂದಿಸಬೇಕು. ಕಳ್ಳಪ್ರತಿಯನ್ನು ತಿಳಿದೂ ತಿಳಿದೂ ಬಳಸುವವನ ಮಾತು ಬೇರೆ. 63ಬಿ ಕಲಮಿನ ಪ್ರಕಾರ ಅದು ಶಿಕ್ಷಾರ್ಹ, ಹಾಗಿರುವುದೇ ಯೋಗ್ಯ.

ಅಮೆರಿಕದ 1998ರ ಕಾಯಿದೆ ಇಷ್ಟು ಸಡಿಲವಲ್ಲ. ಅಲ್ಲಿ ಬೀಗ ಮುರಿಯುವುದೇ ಸಾಮಾನ್ಯವಾಗಿ ನಿಷಿದ್ಧ. ಮೂರು ವರ್ಷಗಳಿಗೊಮ್ಮೆ ವಿನಾಯಿತಿಗಳನ್ನು ಪರಿಶೀಲಿಸುತ್ತಾರೆ. ಕೆಟ್ಟುಹೋಗಿ, ಬದಲಿ ಸಿಕ್ಕದಂತಾದ ಡಾಂಗಲ್‌ಗಳಿಗೆ 2003ರಲ್ಲಿ ವಿನಾಯಿತಿ ದೊರೆಯಿತು. ಹಳೆಯ ತಂತ್ರಾಂಶಗಳನ್ನು ಸಂರಕ್ಷಿಸುವ ಗ್ರಂಥಾಲಯಗಳಿಗೂ ವಸ್ತುಸಂಗ್ರಹಾಲಯಗಳಿಗೂ 2018ರಲ್ಲಿ ದೊರೆಯಿತು.

ಆದರೆ ಮುರಿಯಲು ಅನುಮತಿಯಿರುವುದು ಒಂದು, ಮುರಿಯುವ ಸಾಮರ್ಥ್ಯವಿರುವುದು ಇನ್ನೊಂದು. ಗೂಢಮುದ್ರೆಯನ್ನು ಭೇದಿಸುವ ವಿದ್ಯೆ ಮುದ್ರಣಾಲಯದ ಮಾಲೀಕನಿಗೆ ಎಲ್ಲಿಂದ ಬರಬೇಕು? ಅವನು ಅಂತರ್ಜಾಲದ ಅಜ್ಞಾತ ಮೂಲೆಗಳಿಂದ ‘ಕ್ರ್ಯಾಕ್’ ಎಂಬುದನ್ನು ತಂದುಕೊಂಡರೆ, ಅದರೊಡನೆ ಅವನ ಕಡತಗಳನ್ನೆಲ್ಲ ಒತ್ತೆಯಿಡುವ ವೈರಸ್ಸೂ ಬರುವ ಸಂಭವವುಂಟು. ಮಾರಿದವನ ಮೇಲೆ ಕರ್ತವ್ಯವನ್ನು ಹೊರಿಸದ ಹೊರತು ಕೊಂಡವನ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ. ಆ್ಯಕ್ಟಿವೇಶನ್ ಸರ್ವರನ್ನು ನಿಲ್ಲಿಸುವ ಸಂಸ್ಥೆಯು, ನಿಲ್ಲಿಸುವ ಮುನ್ನ, ಬೀಗವಿಲ್ಲದ ಪ್ರತಿಯನ್ನು ಕೊಂಡವರೆಲ್ಲರಿಗೂ ಕೊಟ್ಟುಹೋಗತಕ್ಕದ್ದೆಂದು ಗ್ರಾಹಕ ಸಂರಕ್ಷಣೆಯ ಶಾಸನದಲ್ಲಿಯೇ ವಿಧಿಸಬೇಕು. ಅಸಾಧ್ಯವಾದುದನ್ನೇನೂ ಇಲ್ಲಿ ಕೇಳಿದಂತಾಗಲಿಲ್ಲ. 2013ರಲ್ಲಿ ಒಂದು ದೊಡ್ಡ ಸಂಸ್ಥೆ ಇದನ್ನು ಮಾಡಿ ತೋರಿಸಿದೆ. ಸರ್ಕಾರಿ ಕಚೇರಿಗಳು, ವಿಶ್ವವಿದ್ಯಾಲಯಗಳು ತಂತ್ರಾಂಶ ಕೊಳ್ಳುವಾಗ ಕರಾರುಪತ್ರದಲ್ಲಿ ಈ ಷರತ್ತನ್ನು ಇಂದೇ ಸೇರಿಸಬಹುದು. ಅದಕ್ಕೆ ಯಾವ ಕಾಯಿದೆಯನ್ನೂ ಕಾಯಬೇಕಾಗಿಲ್ಲ.

ಅಲ್ಲಿಯವರೆಗೆ

ಓದುಗರಲ್ಲಿ ಇಂತಹ ಹಳೆಯ ತಂತ್ರಾಂಶವನ್ನು ನೆಚ್ಚಿ ದುಡಿಯುವವರಿದ್ದರೆ ಅವರಲ್ಲಿ ಒಂದು ವಿಜ್ಞಾಪನೆ. ಮೂಲ ಸಿ.ಡಿ.ಗಳನ್ನು ಈಗಲೇ ಹೊಸ ಡಿಸ್ಕಿಗೆ ಪ್ರತಿ ಮಾಡಿಕೊಳ್ಳಿ, ಏಕೆಂದರೆ ಸಿ.ಡಿ.ಗಳೂ ಕಾಲಕ್ರಮದಲ್ಲಿ ಕೆಡುತ್ತವೆ, ಅವನ್ನು ಓದುವ ಡ್ರೈವುಗಳೂ ವಿರಳವಾಗುತ್ತಿವೆ. ಸೀರಿಯಲ್ ನಂಬರು, ಬಿಲ್ಲು, ಕೊಳ್ಳುವಾಗ ಕೊಟ್ಟ ಇಮೇಲ್ ವಿಳಾಸ, ಇವನ್ನು ಕಂಪ್ಯೂಟರಿನಲ್ಲಿ ಮಾತ್ರವಲ್ಲದೆ ಕಾಗದದ ಮೇಲೂ ಬರೆದಿಡಿ. ಲಾಕು ಇದ್ದರೆ ಅದರ ಡ್ರೈವರನ್ನೂ ಜೊತೆಯಲ್ಲಿಡಿ. ಕಂಪ್ಯೂಟರು ನಡೆಯುತ್ತಿರುವಾಗಲೇ ಅದರ ಡಿಸ್ಕಿನ ಇಡೀ ಪ್ರತಿಯನ್ನು ತೆಗೆದಿಡಿಸಿ. ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಅಥವಾ ಫಾರ್ಮ್ಯಾಟ್ ಮಾಡಿಸುವ ಮುನ್ನ, ತಂತ್ರಾಂಶದಲ್ಲಿ ಡೀಆ್ಯಕ್ಟಿವೇಟ್ ಅಥವಾ ಸರೆಂಡರ್ ಎಂಬ ಸೌಲಭ್ಯವಿದ್ದರೆ ಅದನ್ನು ತಪ್ಪದೆ ಬಳಸಿ. ಹಳೆಯ ಫಾಂಟುಗಳಲ್ಲಿರುವ ನಿಮ್ಮ ಪುಸ್ತಕಗಳನ್ನು, ಹಳೆಯ ತಂತ್ರಾಂಶ ಇನ್ನೂ ತೆರೆದುಕೊಳ್ಳುತ್ತಿರುವ ಈ ದಿನಗಳಲ್ಲಿಯೇ, ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಅದಕ್ಕೆ ಬೇಕಾದ ಪರಿವರ್ತಕಗಳು ಉಚಿತವಾಗಿಯೇ ಸಿಕ್ಕುತ್ತವೆ.